ತೂಕದ ಕಾಟಾ, ತಿಂಗಳ ಲೆಕ್ಕ

ನಮ್ಮ ಆರೋಗ್ಯ – ಓದಿ, ಮಾತಾಡಿ, ಬರೆಯಿರಿ

ಓದುವ ಮುಂಚೆ

ನೀವು ಎಂದಾದರೂ ತೂಕ ನೋಡಿಕೊಂಡಿದ್ದೀರಾ? ಎಲ್ಲಿ ನೋಡಿಕೊಂಡಿರಿ? ಒಂದೇ ತಿಂಗಳಲ್ಲಿ ಎರಡು ಸಲ ನೋಡಿದಾಗ ಒಂದೇ ತೂಕ ಬಂತೇ? ಬೇರೆ ಬೇರೆ ಬಂತೇ? ಪಕ್ಕದಲ್ಲಿ ಕುಳಿತವರ ಜೊತೆ ಮಾತಾಡಿ. ಆಮೇಲೆ ಪಾಠ ಓದಿ.

ಇದು ಪಾಠಕ್ಕಾಗಿ ಹೆಣೆದ ಕಥೆ. ಕಥೆಯ ಹೆಣ್ಣುಮಗಳನ್ನು ಗಂಗವ್ವ ಎಂದು ಕರೆಯೋಣ. ಕಥೆ ಕಟ್ಟಿದ್ದು. ಆದರೆ ಅದರಲ್ಲಿ ಹೇಳಿದ ಆರೋಗ್ಯದ ಮಾತು ನಿಜವಾದದ್ದು.

1. ಗಂಗವ್ವ ಅತ್ತಳು

ಗಂಗವ್ವ ಸೊಲ್ಲಾಪುರದವಳು. ವಯಸ್ಸು 38. ಬೀಡಿ ಕಟ್ಟುವುದು ಆಕೆಯ ಕೆಲಸ. ಬೆಳಿಗ್ಗೆ ತೊಡೆಯ ಮೇಲೆ ಮೊರ ಇಟ್ಟುಕೊಂಡು ಕುಳಿತರೆ ಸಂಜೆಯವರೆಗೆ ಏಳುವುದಿಲ್ಲ. ಎಲೆ ಕತ್ತರಿಸಬೇಕು. ತಂಬಾಕು ತುಂಬಬೇಕು. ದಾರ ಸುತ್ತಬೇಕು. ದಿನವಿಡೀ ಕೈ ಓಡುತ್ತದೆ, ಕಾಲು ಓಡುವುದಿಲ್ಲ.

ರಾತ್ರಿ ಊಟವಾದ ಮೇಲೆ ಗಂಗವ್ವ ಓಣಿಯ ಅಕ್ಷರ ವರ್ಗಕ್ಕೆ ಹೋಗುತ್ತಾಳೆ. ಈಗ ಆಕೆಗೆ ಹೆಸರು, ತಾರೀಖು, ಲೆಕ್ಕ ಬರೆಯಲು ಬರುತ್ತದೆ.

ಒಂದು ಸೋಮವಾರ ಗಂಗವ್ವ ದವಾಖಾನೆಗೆ ಹೋದಳು. ಬೆಳಿಗ್ಗೆ ಏನೂ ತಿನ್ನದೆ ರಕ್ತ ಪರೀಕ್ಷೆ ಮಾಡಿಸಿದಳು. ಸಕ್ಕರೆ 112 ಬಂತು. ಏನೂ ತಿನ್ನದೆ ನೋಡಿದಾಗ 100ಕ್ಕಿಂತ ಕಡಿಮೆ ಇರಬೇಕು. 126 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸಕ್ಕರೆ ಕಾಯಿಲೆಯ ಗುರುತು. ಗಂಗವ್ವ ಈ ಎರಡರ ನಡುವೆ ಇದ್ದಳು.

ಗಂಗವ್ವನಿಗೆ ಎದೆ ಧಸಕ್ಕೆಂದಿತು. ಆಕೆಯ ತಾಯಿಗೆ ಸಕ್ಕರೆ ಕಾಯಿಲೆ ಇತ್ತು. ಕಾಲಿನ ಗಾಯ ಮಾಯದೆ ತಾಯಿಯ ಎರಡು ಬೆರಳು ತೆಗೆದಿದ್ದರು.

ಡಾಕ್ಟರು ಹೇಳಿದರು: “ಈಗಲೇ ಹೆದರಬೇಡಿ. ಗುಳಿಗೆ ಬೇಡ. ನಿಮ್ಮ ತೂಕ 72 ಕಿಲೋ ಇದೆ. ನೂರಕ್ಕೆ ಐದು ಪಾಲು ಇಳಿಸಿರಿ. ಅಂದರೆ 3 ಕಿಲೋ 600 ಗ್ರಾಂ. ಅಷ್ಟು ಇಳಿದರೂ ಕಾಯಿಲೆ ಬರುವ ಭಯ ಬಹಳ ಕಡಿಮೆ ಆಗುತ್ತದೆ.”

ಗಂಗವ್ವ ಅವತ್ತೇ ಶುರು ಮಾಡಿದಳು. ದಿನಕ್ಕೆ ಆರು ಕಪ್ಪು ಚಹಾ ಕುಡಿಯುತ್ತಿದ್ದಳು. ಅದನ್ನು ಎರಡಕ್ಕೆ ಇಳಿಸಿದಳು. ಕಪ್ಪಿಗೆ ಎರಡು ಚಮಚ ಸಕ್ಕರೆ ಹಾಕುತ್ತಿದ್ದಳು. ಅದನ್ನು ಒಂದು ಮಾಡಿದಳು. ಊಟಕ್ಕೆ ಮೂರು ರೊಟ್ಟಿ ಇದ್ದದ್ದು ಎರಡಾಯಿತು. ತಾಟಿನಲ್ಲಿ ಪಲ್ಯ ಹೆಚ್ಚಾಯಿತು, ಬೇಳೆ ಹೆಚ್ಚಾಯಿತು. ದಿನಾ ಬೆಳಿಗ್ಗೆ ಅರ್ಧ ತಾಸು ಬಿರುಸಾಗಿ ನಡೆದಳು. ಪ್ರತಿ ಸೋಮವಾರ ಬೆಳಿಗ್ಗೆ ದವಾಖಾನೆಯ ಕಾಟಾದ ಮೇಲೆ ನಿಂತಳು.

ಮೊದಲ ವಾರ 71 ಕಿಲೋ 600 ಗ್ರಾಂ. ಖುಷಿಯಾಯಿತು.

ಎರಡನೆಯ ವಾರ 71 ಕಿಲೋ 800 ಗ್ರಾಂ. ಸ್ವಲ್ಪ ಬೇಸರವಾಯಿತು.

ಮೂರನೆಯ ವಾರ, ಸೋಮವಾರ, ಬೆಳಿಗ್ಗೆ ಆಕೆಗೆ ಮುಟ್ಟು ಶುರುವಾಗಿತ್ತು. ಹೊಟ್ಟೆ ಉಬ್ಬಿತ್ತು. ಬಳೆ ಬಿಗಿಯಾಗಿತ್ತು. ಕಾಟಾದ ಮೇಲೆ ನಿಂತಳು. 72 ಕಿಲೋ 600 ಗ್ರಾಂ!

ಶುರು ಮಾಡಿದಾಗ ಇದ್ದದ್ದಕ್ಕಿಂತ 600 ಗ್ರಾಂ ಹೆಚ್ಚು. ಗಂಗವ್ವ ಮನೆಗೆ ಬಂದು ಅತ್ತಳು.

“ಮೂರು ವಾರ ಬಾಯಿ ಕಟ್ಟೀನಿ, ನಡದೀನಿ. ಎಲ್ಲಾ ನೀರಾಗ ಹೋಮ ಮಾಡಿದಂಗ ಆತು” ಎಂದಳು.

ಅತ್ತೆ ಹೇಳಿದಳು: “ಒಳಗ ಕೆಟ್ಟ ರಕ್ತ ತುಂಬ್ಯದ. ಅದಕ್ಕ ತೂಕ ಏರ್‍ಯದ.”

ನೆರೆಮನೆಯವಳು ಹೇಳಿದಳು: “ಪ್ಯಾಟ್ಯಾಗ ಒಂದು ಪುಡಿ ಸಿಗ್ತದ. ಹದಿನೈದು ದಿನದಾಗ ಐದು ಕಿಲೋ ಇಳೀತದಂತ.”

ಪುಡಿಗೆ ರೊಕ್ಕ ಇರಲಿಲ್ಲ. ಗಂಗವ್ವ ರೊಟ್ಟಿಯನ್ನೇ ಬಿಟ್ಟಳು. ಎರಡು ದಿನ ಬರೀ ಚಹಾ ಕುಡಿದಳು. ಮೂರನೆಯ ದಿನ ನಳದ ಹತ್ತಿರ ಕೊಡ ಎತ್ತುವಾಗ ಕಣ್ಣಿಗೆ ಕತ್ತಲೆ ಬಂತು. ಅಲ್ಲೇ ಬಿದ್ದಳು.

2. ಸಿಸ್ಟರ್‌ಬಾಯಿ ಬಿಡಿಸಿ ಹೇಳಿದ್ದು

ಮಗ ಆಕೆಯನ್ನು ದವಾಖಾನೆಗೆ ಕರೆದುಕೊಂಡು ಹೋದ. ಅಲ್ಲಿ ಸಿಸ್ಟರ್‌ಬಾಯಿ ಇದ್ದರು. ಅವರು ಅಕ್ಕಲಕೋಟೆ ಕಡೆಯವರು. ಮನೆಮಾತು ಕನ್ನಡ. ರಕ್ತ ಪರೀಕ್ಷೆ ಮಾಡಿದರು. ಹಿಮೋಗ್ಲೋಬಿನ್ 9.6 ಇತ್ತು. ಬಸಿರಿಯಲ್ಲದ ಹೆಂಗಸಿಗೆ ಅದು 12ಕ್ಕಿಂತ ಕಡಿಮೆ ಇರಬಾರದು.

“ಯಾಕ ತಂಗಿ, ಊಟ ಬಿಟ್ಟಿ?”

“ತೂಕ ಏರ್‍ಯದ ಬಾಯಾರ. ಎಷ್ಟು ಮಾಡಿದ್ರೂ ಏರ್‍ಯದ.”

“ಯಾವತ್ತು ಏರ್‍ಯದ?”

“ಸೋಮವಾರ.”

“ಹೊರಗ ಯಾವತ್ತು ಆದಿ?”

“ಅವತ್ತೇ, ಮುಂಜಾನೆ.”

ಸಿಸ್ಟರ್‌ಬಾಯಿ ನಕ್ಕರು. “ಹಂಗಾದ್ರ ಅದು ಕೊಬ್ಬಲ್ಲ, ನೀರು. ಬಂದದ್ದು ನೀರು, ಹೋಗೂದೂ ನೀರು. ಕೆರಿ ನೀರು ಏರಿದಾಗ ದಂಡಿ ಮ್ಯಾಲಿನ ಕಲ್ಲು ಮುಳುಗ್ತಾವ. ನೀರು ಇಳಿದ್ರ ಕಲ್ಲು ಕಾಣ್ತಾವ. ಕಲ್ಲು ಎಲ್ಲೂ ಹೋಗಿರೂದಿಲ್ಲ. ನೀ ಮೂರು ವಾರ ಮಾಡಿದ ಕೆಲಸನೂ ಎಲ್ಲೂ ಹೋಗಿಲ್ಲ. ನೀರು ಅದನ್ನ ಮುಚ್ಯದ, ಅಷ್ಟೇ.”

“ಅತ್ತಿ ಕೆಟ್ಟ ರಕ್ತ ಅಂತಾರ್‍ರಿ.”

“ಮುಟ್ಟಿನ ರಕ್ತ ಕೆಟ್ಟದ್ದಲ್ಲ. ಒಂದು ಮುಟ್ಟಿನಾಗ ಹೋಗೂ ರಕ್ತ ಸಾಧಾರಣ 30ರಿಂದ 40 ಮಿಲಿಲೀಟರ್. ಎರಡು ಮೂರು ದೊಡ್ಡ ಚಮಚದಷ್ಟು. ಅಷ್ಟರಾಗ ಕಿಲೋಗಟ್ಟಲೆ ತೂಕ ಎಲ್ಲಿಂದ ಬರಬೇಕು?”

3. ತಿಂಗಳಲ್ಲಿ ಮೈಯೊಳಗೆ ಏನಾಗುತ್ತದೆ?

ಮುಟ್ಟಿಗೆ ನಮ್ಮ ಕಡೆ ‘ಹೊರಗಾಗುವುದು’ ಎಂದೂ ಹೇಳುತ್ತಾರೆ. ನೆರೆಯ ಮರಾಠಿಯವರು ‘ಪಾಳಿ’ ಎನ್ನುತ್ತಾರೆ. ಹೆಸರು ಯಾವುದಾದರೂ ಲೆಕ್ಕ ಒಂದೇ. ರಕ್ತ ಕಾಣಿಸಿದ ದಿನವೇ 1ನೇ ದಿನ. ಅಲ್ಲಿಂದ ಮುಂದಿನ ಮುಟ್ಟಿನವರೆಗೆ ಎಣಿಸಬೇಕು. ಕೆಲವರಿಗೆ 28 ದಿನ ಬರುತ್ತದೆ. 21ರಿಂದ 35 ದಿನದೊಳಗೆ ಬಂದರೆ ಚಿಂತೆಯಿಲ್ಲ.

ತಿಂಗಳ ನಡುವೆ ಅಂಡಾಶಯದಿಂದ ಒಂದು ಅಂಡ ಹೊರಗೆ ಬರುತ್ತದೆ. ಆಮೇಲೆ ಮೈಯಲ್ಲಿ ಕೆಲವು ಹಾರ್ಮೋನುಗಳು ಹೆಚ್ಚಾಗುತ್ತವೆ. ಹಾರ್ಮೋನು ಎಂದರೆ ಮೈಯೊಳಗೆ ಹುಟ್ಟಿ, ರಕ್ತದಲ್ಲಿ ಹರಿದು, ಮೈಯ ಕೆಲಸ ನಡೆಸುವ ರಸ. ಇವುಗಳ ಏರಿಳಿತದಿಂದ ಮೂರು ಬದಲಾವಣೆ ಆಗುತ್ತವೆ.

ಒಂದು: ಮೈ ಉಪ್ಪನ್ನೂ ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಕಾಲು, ಕೈಬೆರಳು, ಮೊಲೆ, ಹೊಟ್ಟೆ ಬಿಗಿದಂತೆ ಆಗುತ್ತವೆ.

ಎರಡು: ಕರುಳಿನ ಕೆಲಸ ನಿಧಾನವಾಗುತ್ತದೆ. ಮಲ ಗಟ್ಟಿಯಾಗುತ್ತದೆ. ಹೊಟ್ಟೆ ಉಬ್ಬುತ್ತದೆ.

ಮೂರು: ಹಸಿವು ಹೆಚ್ಚಾಗುತ್ತದೆ. ಸಿಹಿ, ಕರಿದದ್ದು, ಖಾರದ್ದು ಬೇಕು ಅನಿಸುತ್ತದೆ. ಇದು ಬಾಯಿಚಪಲ ಮಾತ್ರವಲ್ಲ. ಮೈಯೇ ಕೇಳುತ್ತದೆ.

ಹೀಗಾಗಿ ಮುಟ್ಟಿನ ಮುಂಚಿನ ಕೆಲವು ದಿನ ಮತ್ತು ಮುಟ್ಟಿನ ಮೊದಲ ದಿನಗಳಲ್ಲಿ ತೂಕ ಏರಬಹುದು. ಅರ್ಧ ಕಿಲೋದಿಂದ ಎರಡು ಕಿಲೋವರೆಗೆ ಏರುವುದು ಅನೇಕರಿಗೆ ಆಗುತ್ತದೆ. ಕೆಲವರಿಗೆ ಏನೂ ಏರುವುದಿಲ್ಲ. ಮುಟ್ಟು ಶುರುವಾದ ಕೆಲವು ದಿನಗಳಲ್ಲಿ ಈ ನೀರು ಮೂತ್ರವಾಗಿ ಹೋಗುತ್ತದೆ. ತೂಕ ತಾನಾಗಿ ಇಳಿಯುತ್ತದೆ.

ಒಂದು ಲೀಟರ್ ನೀರಿನ ತೂಕ ಒಂದು ಕಿಲೋ. ಇದನ್ನು ನೆನಪಿಡಿ.

4. ರೊಟ್ಟಿಯ ಲೆಕ್ಕ

ಗಂಗವ್ವನಿಗೆ ಇನ್ನೂ ನಂಬಿಕೆ ಬರಲಿಲ್ಲ. ಸಿಸ್ಟರ್‌ಬಾಯಿ ಲೆಕ್ಕ ಹಾಕಿ ತೋರಿಸಿದರು.

“50 ಗ್ರಾಂ ಜೋಳದ ಹಿಟ್ಟಿನ ಒಂದು ರೊಟ್ಟಿಯಿಂದ ಸುಮಾರು 170 ಕ್ಯಾಲೊರಿ ಶಕ್ತಿ ಸಿಗ್ತದ. ಮೈಯಾಗ ಒಂದು ಕಿಲೋ ಕೊಬ್ಬು ಕೂಡಬೇಕಂದ್ರ ಸುಮಾರು 7,700 ಕ್ಯಾಲೊರಿ ಹೆಚ್ಚಿಗಿ ಬೇಕು. 7,700ನ್ನ 170ರಿಂದ ಭಾಗಿಸು. 45 ಬರ್ತದ. ದಿನದ ಊಟ ಬಿಟ್ಟು, ಮ್ಯಾಲೆ 45 ರೊಟ್ಟಿ! ಈ ವಾರ ನೀ 45 ರೊಟ್ಟಿ ಹೆಚ್ಚಿಗಿ ತಿಂದೀಯೇನು?”

“ಇಲ್ಲರೀ ಬಾಯಾರ! ಎರಡು ತಿನ್ನಾಕನೂ ಹೆದರೀನಿ.”

“ಮತ್ತ ಕೊಬ್ಬು ಎಲ್ಲಿಂದ ಬಂತು? ತಿನ್ನದೆ ಇದ್ರ ಬೀಳ್ತಿ. ಮೊದಲೇ ರಕ್ತ ಕಮ್ಮಿ ಅದ. ಇವತ್ತಿಂದ ಊಟ ಬಿಡಬ್ಯಾಡ.”

ಡಾಕ್ಟರು ಕಬ್ಬಿಣದ ಗುಳಿಗೆ ಬರೆದುಕೊಟ್ಟರು. ಚಹಾದ ಜೊತೆ ಆ ಗುಳಿಗೆ ನುಂಗಬಾರದು. ಗುಳಿಗೆಗೂ ಚಹಾಕ್ಕೂ ನಡುವೆ ಒಂದು ತಾಸಾದರೂ ಅಂತರ ಇರಲಿ. ಊಟದಲ್ಲಿ ಸೊಪ್ಪು, ಕಾಳು ಇರಲಿ. ಅದರ ಮೇಲೆ ಲಿಂಬೆಹಣ್ಣು ಹಿಂಡಿಕೊಂಡರೆ ಕಬ್ಬಿಣದ ಅಂಶ ಮೈಗೆ ಚೆನ್ನಾಗಿ ಹತ್ತುತ್ತದೆ.

5. ಗಂಗವ್ವನ ವಹಿ

ಸಿಸ್ಟರ್‌ಬಾಯಿ ಕೊನೆಗೆ ಒಂದು ಮಾತು ಹೇಳಿದರು: “ಈ ಸೋಮವಾರದ ತೂಕ ಹೋದ ಸೋಮವಾರದ ಜೊತಿ ಹೋಲಿಸಬ್ಯಾಡ. ಹೋದ ತಿಂಗಳ ಇದೇ ದಿನದ ಜೊತಿ ಹೋಲಿಸು. ಮುಟ್ಟಿನ 8ನೇ ದಿನಕ್ಕ 8ನೇ ದಿನ. ಮೊದಲ ದಿನಕ್ಕ ಮೊದಲ ದಿನ.”

ದವಾಖಾನೆಯ ಕಾರ್ಡು ಮರಾಠಿಯಲ್ಲಿತ್ತು. ಗಂಗವ್ವನಿಗೆ ಮರಾಠಿ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಆದ್ದರಿಂದ ಅಕ್ಷರ ವರ್ಗದ ವಹಿಯ ಕೊನೆಯ ಹಾಳೆಯಲ್ಲಿ ಕನ್ನಡದಲ್ಲಿ ಗೆರೆ ಹಾಕಿದಳು. ತಾನೇ ಬರೆದಳು. ಎರಡು ತಿಂಗಳು ಕಳೆದ ಮೇಲೆ ಆ ಹಾಳೆ ಹೀಗಿತ್ತು (ತೂಕ ಕಿಲೋದಲ್ಲಿ):

ಮೊದಲ ತಿಂಗಳು
8ನೇ ದಿನ – 72.0
15ನೇ ದಿನ – 71.6
22ನೇ ದಿನ – 71.8
ಮುಂದಿನ ಮುಟ್ಟಿನ 1ನೇ ದಿನ – 72.6

ಎರಡನೇ ತಿಂಗಳು
8ನೇ ದಿನ – 71.0
15ನೇ ದಿನ – 70.7
22ನೇ ದಿನ – 70.9
ಮುಂದಿನ ಮುಟ್ಟಿನ 1ನೇ ದಿನ – 71.8

ಮೂರನೇ ತಿಂಗಳು
8ನೇ ದಿನ – 70.2
15ನೇ ದಿನ – 69.9
22ನೇ ದಿನ – 70.1
ಮುಂದಿನ ಮುಟ್ಟಿನ 1ನೇ ದಿನ – 70.9

ಮೇಲಿಂದ ಕೆಳಗೆ ಓದಿದರೆ ತೂಕ ಇಳಿಯುತ್ತದೆ, ಏರುತ್ತದೆ, ಮತ್ತೆ ಇಳಿಯುತ್ತದೆ. ತಲೆ ತಿರುಗುತ್ತದೆ. ಈಗ ಬರೀ 8ನೇ ದಿನದ ತೂಕ ಓದಿ: 72.0, 71.0, 70.2. ಬರೀ 1ನೇ ದಿನದ ತೂಕ ಓದಿ: 72.6, 71.8, 70.9. ಹೀಗೆ ಓದಿದರೆ ತೂಕ ಇಳಿಯುತ್ತಲೇ ಬಂದಿದೆ. ಗಂಗವ್ವ ಅತ್ತ ದಿನವೂ ಅದು ಇಳಿಯುತ್ತಲೇ ಇತ್ತು. ಆಕೆಗೆ ಕಾಣಲಿಲ್ಲ, ಅಷ್ಟೇ.

6. ತೂಕ ನೋಡುವ ರೀತಿ

• ಪ್ರತಿ ಸಲವೂ ಒಂದೇ ಕಾಟಾದಲ್ಲಿ ನೋಡಿ. ದವಾಖಾನೆಯದು ಒಂದು, ಗಿರಣಿಯದು ಇನ್ನೊಂದು ಆದರೆ ಲೆಕ್ಕ ತಪ್ಪುತ್ತದೆ.
• ಬೆಳಿಗ್ಗೆ, ಹೊರಕಡೆಗೆ ಹೋಗಿ ಬಂದ ಮೇಲೆ, ಏನೂ ತಿನ್ನುವ ಮುಂಚೆ ನೋಡಿ. ಆಗದಿದ್ದರೆ ಪ್ರತಿ ಸಲ ಅದೇ ಹೊತ್ತಿಗೆ ನೋಡಿ.
• ಚಪ್ಪಲಿ ಬಿಡಿ. ಕೈಚೀಲ ಕೆಳಗಿಡಿ.
• ವಾರಕ್ಕೆ ಒಂದು ಸಲ ಸಾಕು. ದಿನಾ ನೋಡಿದರೆ ಮನಸ್ಸಿಗೆ ಕಿರಿಕಿರಿ.
• ತೂಕದ ಪಕ್ಕದಲ್ಲಿ ಮುಟ್ಟಿನ ಎಷ್ಟನೇ ದಿನ ಎಂದು ಬರೆಯಿರಿ.
• ಮುಟ್ಟು ದಿನ ತಪ್ಪಿ ಬರುವವರು, ಮುಟ್ಟು ಮುಗಿದ ಮೂರನೇ ದಿನ ನೋಡಿ. ಪ್ರತಿ ಸಲ ಅದನ್ನೇ ಹೋಲಿಸಿ.
• ತಿಂಗಳಿಗೊಮ್ಮೆ ಟೇಪಿನಿಂದ ಹೊಟ್ಟೆಯ ಸುತ್ತಳತೆ ಅಳೆಯಿರಿ. ಮುಟ್ಟು ಮುಗಿದ ಮೇಲೆ ಅಳೆಯಿರಿ. ನಮ್ಮ ದೇಶದ ಹೆಂಗಸರಿಗೆ ಅದು 80 ಸೆಂಟಿಮೀಟರ್ ಒಳಗೆ ಇರುವುದು ಒಳ್ಳೆಯದು.

7. ಆ ವಾರ ಏನು ಮಾಡಬೇಕು?

ಉಪ್ಪು: ಒಬ್ಬರಿಗೆ ದಿನಕ್ಕೆ 5 ಗ್ರಾಂ, ಅಂದರೆ ಒಂದು ಚಹಾ ಚಮಚಕ್ಕಿಂತ ಹೆಚ್ಚು ಉಪ್ಪು ಬೇಡ. ಪಲ್ಯ, ಸಾರು, ಚಟ್ನಿ ಎಲ್ಲದರ ಉಪ್ಪೂ ಸೇರಿ ಅಷ್ಟೇ. ಉಪ್ಪಿನಕಾಯಿ, ಹಪ್ಪಳ, ಚೂಡಾ, ಫರಸಾಣದಲ್ಲಿ ಉಪ್ಪು ಹೆಚ್ಚು. ಮುಟ್ಟಿನ ಮುಂಚಿನ ವಾರ ಇವುಗಳಿಗೆ ಕೈ ಬಿಗಿ ಹಿಡಿಯಿರಿ.

ನೀರು: ಮೈಯಲ್ಲಿ ನೀರು ತುಂಬಿದೆ ಎಂದು ನೀರು ಕುಡಿಯುವುದನ್ನು ಬಿಡಬೇಡಿ. ಬಾಯಾರಿಕೆ ಆದಷ್ಟು ಕುಡಿಯಿರಿ. ಮಲ ಗಟ್ಟಿಯಾಗುವುದಿಲ್ಲ.

ಹಸಿವು: ಹಸಿವಾದರೆ ತಿನ್ನಿ. ಏನು ತಿನ್ನುತ್ತೀರಿ ಎಂದು ನೋಡಿಕೊಳ್ಳಿ. ಒಂದು ಹಿಡಿ ಪುಠಾಣಿ, ಮೊಳಕೆ ಬಂದ ಹೆಸರುಕಾಳು, ಒಂದು ಪೇರಲಹಣ್ಣು, ಒಂದು ಲೋಟ ಉಪ್ಪಿಲ್ಲದ ಮಜ್ಜಿಗೆ ಒಳ್ಳೆಯದು. ಶೇಂಗಾ ಒಳ್ಳೆಯದೇ. ಆದರೆ ಒಂದು ಹಿಡಿ, ಅಂದರೆ 30 ಗ್ರಾಂ ಶೇಂಗಾದಲ್ಲಿ ಸುಮಾರು ಒಂದು ರೊಟ್ಟಿಯಷ್ಟು ಶಕ್ತಿ ಇದೆ. ಬೀಡಿ ಕಟ್ಟುತ್ತಾ ಬಾಯಿಗೆ ಹಾಕಿಕೊಳ್ಳುತ್ತಿದ್ದರೆ ಎಷ್ಟು ಹಿಡಿ ಆಯಿತೆಂದು ಗೊತ್ತೇ ಆಗುವುದಿಲ್ಲ. ಎಣಿಸಿ ತಿನ್ನಿ. ತಿನ್ನುವ ಮುಂಚೆ ತಂಬಾಕಿನ ಕೈ ಸಾಬೂನಿನಿಂದ ತೊಳೆಯಿರಿ.

ಉಪವಾಸ: ದೇವರ ಉಪವಾಸ ಮಾಡಿದರೆ ತೂಕ ಇಳಿಯುತ್ತದೆ ಎಂದು ತಿಳಿಯಬೇಡಿ. ಉಪವಾಸದ ದಿನದ ಸಾಬುದಾಣಿ ಖಿಚಡಿಯಲ್ಲಿ ಸಾಬುದಾಣಿ, ಶೇಂಗಾ, ಎಣ್ಣೆ ಇರುತ್ತವೆ. ಅದು ಊಟಕ್ಕಿಂತ ಕಡಿಮೆಯೇನೂ ಅಲ್ಲ.

ನಡಿಗೆ: ಮುಟ್ಟಿನ ದಿನಗಳಲ್ಲಿ ನಡೆಯಬಾರದು ಎಂಬ ನಿಯಮ ಇಲ್ಲ. ನಡೆದರೆ ಕೆಲವರಿಗೆ ಹೊಟ್ಟೆನೋವು ಕಡಿಮೆ ಆಗುತ್ತದೆ. ತ್ರಾಣ ಇಲ್ಲ ಅನಿಸಿದರೆ ಕಡಿಮೆ ನಡೆಯಿರಿ. ಒಂದು ದಿನ ಬಿಟ್ಟರೂ ನಷ್ಟವಿಲ್ಲ. ಮರುದಿನ ಮತ್ತೆ ಶುರು ಮಾಡಿ.

ಇವನ್ನು ಮಾಡಬೇಡಿ: ಊಟ ಪೂರ್ತಿ ಬಿಡಬೇಡಿ. ತೂಕ ಇಳಿಸುವ ಪುಡಿ ಕೊಳ್ಳಬೇಡಿ. ಮೂತ್ರ ಹೆಚ್ಚು ಮಾಡುವ ಗುಳಿಗೆಯನ್ನು ಡಾಕ್ಟರನ್ನು ಕೇಳದೆ ನುಂಗಬೇಡಿ. ಅದರಿಂದ ನೀರು ಇಳಿಯುತ್ತದೆ, ಕೊಬ್ಬು ಇಳಿಯುವುದಿಲ್ಲ. ಮೈಗೆ ಕೇಡೂ ಆಗಬಹುದು.

8. ದವಾಖಾನೆಗೆ ಯಾವಾಗ ಹೋಗಬೇಕು?

ತೂಕ ಏರಿದ್ದೆಲ್ಲಾ ಮುಟ್ಟಿನ ನೀರೇ ಎಂದು ಸುಮ್ಮನೆ ಕೂರಬಾರದು. ಹೀಗಾದರೆ ತೋರಿಸಿ:

• ಮುಟ್ಟು ಮುಗಿದ ಮೇಲೂ ಏರಿದ ತೂಕ ಇಳಿಯುತ್ತಿಲ್ಲ. ತಿಂಗಳಿಂದ ತಿಂಗಳಿಗೆ ಏರುತ್ತಲೇ ಇದೆ.
• ಮುಖ ಅಥವಾ ಕಾಲು ಬಾತಿದೆ, ಬೆರಳಿಂದ ಒತ್ತಿದರೆ ಕುಳಿ ಬೀಳುತ್ತದೆ, ಉಸಿರು ಕಟ್ಟುತ್ತದೆ. ಇದಕ್ಕೆ ತಡ ಮಾಡಬೇಡಿ.
• ಮುಟ್ಟು 21 ದಿನದೊಳಗೆ ಬರುತ್ತದೆ, ಅಥವಾ 35 ದಿನ ದಾಟಿದರೂ ಬರುವುದಿಲ್ಲ. ಮುಟ್ಟು ನಿಂತಿದ್ದರೆ ಬಸಿರು ಇದೆಯೇ ಎಂದು ಮೊದಲು ಪರೀಕ್ಷೆ ಮಾಡಿಸಿ.
• ರಕ್ತ ಏಳು ದಿನಕ್ಕಿಂತ ಹೆಚ್ಚು ಹೋಗುತ್ತದೆ. ತಾಸಿಗೊಂದು ಬಟ್ಟೆ ಅಥವಾ ಪ್ಯಾಡು ನೆನೆಯುತ್ತದೆ.
• ತೂಕ ಏರುವುದರ ಜೊತೆ ಬಹಳ ಸುಸ್ತು, ಚಳಿ ತಡೆಯದಿರುವುದು, ಕೂದಲು ಉದುರುವುದು ಇದೆ. ಥೈರಾಯಿಡ್ ಪರೀಕ್ಷೆ ಬೇಕಾಗಬಹುದು.

ಮೂರು ತಿಂಗಳ ವಹಿ ಜೊತೆಗಿದ್ದರೆ ಡಾಕ್ಟರಿಗೆ ತೋರಿಸಿ. “ಯಾವಾಗ ಮುಟ್ಟಾಗಿತ್ತು?” ಎಂದು ಕೇಳಿದಾಗ ನೆನಪು ಮಾಡಿಕೊಳ್ಳಬೇಕಿಲ್ಲ. ಹೇಳಲು ನಾಚಿಕೆಯಾದರೂ ಚಿಂತೆಯಿಲ್ಲ. ಹಾಳೆಯೇ ಹೇಳುತ್ತದೆ.

9. ಗಂಗವ್ವ ಅಳಲಿಲ್ಲ

ಕೊನೆಗೆ ಬರೆದ ಸೋಮವಾರದ ಮಾತು ಕೇಳಿ. ಹಿಂದಿನ ವಾರ 70.1 ಇದ್ದದ್ದು ಅವತ್ತು 70.9 ಆಗಿತ್ತು. ಒಂದೇ ವಾರದಲ್ಲಿ 800 ಗ್ರಾಂ ಏರಿತ್ತು. ಬಳೆ ಮತ್ತೆ ಬಿಗಿಯಾಗಿತ್ತು.

ನೆರೆಮನೆಯವಳು ಇಣುಕಿ ನೋಡಿ ಕೇಳಿದಳು: “ಮತ್ತ ಏರ್‍ತೇನು?”

ಗಂಗವ್ವ ವಹಿ ಬಿಚ್ಚಿದಳು. ಬೆರಳಿಟ್ಟು ತೋರಿಸಿದಳು. “ಹೋದ ತಿಂಗಳ ಇದೇ ದಿನ 71.8 ಇತ್ತು. ಅದರ ಹಿಂದಿನ ತಿಂಗಳ 72.6. ಇವತ್ತ 70.9. ಏರಿಲ್ಲ, ಇಳಿದದ.”

ಡಾಕ್ಟರು ಹೇಳಿದ್ದು 3 ಕಿಲೋ 600 ಗ್ರಾಂ. 8ನೇ ದಿನದ ಲೆಕ್ಕದಲ್ಲಿ 1 ಕಿಲೋ 800 ಗ್ರಾಂ ಇಳಿದಿದೆ. ಅರ್ಧ ದಾರಿ ಆಗಿದೆ. ಇನ್ನರ್ಧ ಉಳಿದಿದೆ.

ನೆರೆಮನೆಯವಳು ಸ್ವಲ್ಪ ಹೊತ್ತು ಹಾಳೆ ನೋಡಿದಳು. “ನನಗೂ ಹಿಂಗ ಗೆರಿ ಹಾಕಿ ಕೊಡ” ಎಂದಳು.

“ಗೆರಿ ಹಾಕಿ ಕೊಡ್ತೀನಿ. ಬರಿಯೂದು ನೀನ ಕಲಿ. ರಾತ್ರಿ ವರ್ಗಕ್ಕ ಬಾ” ಎಂದಳು ಗಂಗವ್ವ.

ಹೊಸ ಪದಗಳು

ಕಾಟಾ – ತೂಕ ನೋಡುವ ಯಂತ್ರ
ವಹಿ – ಬರೆಯುವ ಪುಸ್ತಕ
ಅಂಡಾಶಯ – ಹೆಣ್ಣಿನ ಹೊಟ್ಟೆಯೊಳಗೆ ಅಂಡ ಬೆಳೆಯುವ ಜಾಗ
ಹಿಮೋಗ್ಲೋಬಿನ್ – ರಕ್ತಕ್ಕೆ ಕೆಂಪು ಬಣ್ಣ ಕೊಡುವ ಅಂಶ
ಕ್ಯಾಲೊರಿ – ಆಹಾರದಿಂದ ಸಿಗುವ ಶಕ್ತಿಯ ಅಳತೆ
ಸುತ್ತಳತೆ – ಸುತ್ತಲೂ ಅಳೆದ ಅಳತೆ

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರ ಬರೆಯಿರಿ.
1. ಗಂಗವ್ವ ನಳದ ಹತ್ತಿರ ಯಾಕೆ ಬಿದ್ದಳು?
2. ಮುಟ್ಟಿನ ಮುಂಚೆ ತೂಕ ಏರಲು ಕಾರಣವೇನು?
3. ಇಂದಿನ ತೂಕವನ್ನು ಯಾವ ದಿನದ ತೂಕದ ಜೊತೆ ಹೋಲಿಸಬೇಕು?

ಆ) ಸರಿಯೋ ತಪ್ಪೋ ಹೇಳಿ.
1. ಮುಟ್ಟಿನ ರಕ್ತ ಕೆಟ್ಟ ರಕ್ತ.
2. ಮುಟ್ಟಿನ ದಿನಗಳಲ್ಲಿ ನಡೆಯಬಹುದು.
3. ಮೈ ಉಬ್ಬಿದರೆ ನೀರು ಕುಡಿಯಬಾರದು.

ಇ) ಲೆಕ್ಕ ಮಾಡಿ.
1. ಮೊದಲ ತಿಂಗಳ 22ನೇ ದಿನ 71.8 ಕಿಲೋ. ಎರಡನೇ ತಿಂಗಳ 22ನೇ ದಿನ 70.9 ಕಿಲೋ. ಎಷ್ಟು ಇಳಿಯಿತು?
2. ಗಂಗವ್ವ ಮೊದಲು ದಿನಕ್ಕೆ 6 ಕಪ್ಪು ಚಹಾಕ್ಕೆ 2 ಚಮಚದಂತೆ ಸಕ್ಕರೆ ಹಾಕುತ್ತಿದ್ದಳು. ಈಗ 2 ಕಪ್ಪಿಗೆ 1 ಚಮಚದಂತೆ ಹಾಕುತ್ತಾಳೆ. ಒಂದು ಚಮಚ 5 ಗ್ರಾಂ ಆದರೆ 30 ದಿನಕ್ಕೆ ಎಷ್ಟು ಸಕ್ಕರೆ ಉಳಿಯಿತು? ನಿಮ್ಮೂರಿನ ದರದಲ್ಲಿ ಅದಕ್ಕೆ ಎಷ್ಟು ರೊಕ್ಕ?

ಈ) ನಿಮ್ಮ ವಹಿಯಲ್ಲಿ ನಾಲ್ಕು ಗೆರೆ ಎಳೆಯಿರಿ. ತಾರೀಖು, ಮುಟ್ಟಿನ ಎಷ್ಟನೇ ದಿನ, ತೂಕ, ಮೈ ಹೇಗಿದೆ – ಹೀಗೆ ನಾಲ್ಕು ಸಾಲು ಮಾಡಿ. ಮುಂದಿನ ಮೂರು ತಿಂಗಳು ಬರೆಯಿರಿ.

ಉ) ಚರ್ಚಿಸಿ: ಮನೆಯಲ್ಲಿ ಎಲ್ಲರೂ ಉಂಡ ಮೇಲೆ ಹೆಂಗಸರು ಉಣ್ಣುತ್ತಾರೆ. ಇದರಿಂದ ಯಾರ ಊಟ ಕಡಿಮೆಯಾಗುತ್ತದೆ? ಯಾರ ರಕ್ತ ಕಡಿಮೆಯಾಗುತ್ತದೆ?

ಲೆಕ್ಕದ ಉತ್ತರ: 1) 900 ಗ್ರಾಂ. 2) ಒಂದೂವರೆ ಕಿಲೋ.